ಗೇರಿಲ್ಲದ ಕಾರಿನ ಎಣ್ಣೆ

ಕಾರು ಮೊದಲ ಸಲ ನಡುಗಿದ್ದು ತರೀಕೆರೆಗೆ ಹೋಗುವ ದಾರಿಯ ರೈಲ್ವೆ ಗೇಟಿನಲ್ಲಿ. ಗೇಟು ತೆರೆದ ಮೇಲೆ ಬ್ರೇಕಿನಿಂದ ಕಾಲೆತ್ತಿ ನಿಧಾನಕ್ಕೆ ಮುಂದೆ ಬಿಟ್ಟೆ. ಚಳಿಜ್ವರ ಬಂದವರ ಮೈಯಂತೆ ಇಡೀ ಗಾಡಿ ಅದುರಿತು. ಸ್ವಲ್ಪ ವೇಗ ಬಂದ ಮೇಲೆ ಸರಿಹೋಯಿತು. ಪಕ್ಕದಲ್ಲಿ ಕೂತಿದ್ದ ನನ್ನ ಗಂಡ ತಿರುಗಿ ನನ್ನ ಮುಖ ನೋಡಿದರು. ನಾನು ರಸ್ತೆಯನ್ನೇ ನೋಡುತ್ತಿದ್ದೆ. ಇನ್ನೊಂದು ಕೆಟ್ಟ ಸುದ್ದಿ ಕೇಳುವ ಶಕ್ತಿ ಅವತ್ತು ನನ್ನಲ್ಲಿ ಇರಲಿಲ್ಲ.

ನಾವು ಅಜ್ಜಂಪುರದವರು. ನಾನು ಮನೆಯಲ್ಲೇ ಬ್ಲೌಸ್ ಹೊಲಿಯುತ್ತೇನೆ. ಅವರು ಸ್ವಂತ ಲಾರಿ ಇಟ್ಟುಕೊಂಡು ನಮ್ಮ ಕಡೆಯ ಈರುಳ್ಳಿಯನ್ನು ಬೆಂಗಳೂರಿನ ಮಾರುಕಟ್ಟೆಗೆ ಹೊಡೆಯುತ್ತಿದ್ದರು. ನಮಗೆ ಮಕ್ಕಳಿಲ್ಲ. ಹಿಂದಿನ ವರ್ಷ ಒಂದು ಬೆಳಿಗ್ಗೆ ಹಲ್ಲುಜ್ಜುತ್ತಿದ್ದವರು ಬಚ್ಚಲಲ್ಲಿ ಕುಸಿದರು. ಲಕ್ವ ಹೊಡೆದಿತ್ತು. ಬಲಗೈ, ಬಲಗಾಲು ಬಿದ್ದುಹೋದವು. ಮಾತೂ ಹೋಯಿತು. ಪೂರ್ತಿ ಹೋಯಿತೆಂದರೆ ತಪ್ಪಾಗುತ್ತದೆ, ಒಂದೇ ಒಂದು ಮಾತು ಉಳಿಯಿತು. ‘ಬೇಡ.’ ಊಟ ಬೇಕಾದರೂ ಬೇಡ, ನೀರು ಬೇಕಾದರೂ ಬೇಡ. ಅವರ ತಲೆಯೊಳಗೆ ಎಲ್ಲ ಇದೆ, ಬಾಯಿಗೆ ಬರುವಾಗ ಎಲ್ಲವೂ ಅದೊಂದೇ ಆಗಿ ಬರುತ್ತದೆ ಎಂದು ಡಾಕ್ಟರು ವಿವರಿಸಿದ್ದರು. ಕೇಳುವಾಗ ಅರ್ಥವಾಗುತ್ತದೆ. ಆದರೆ ಬೆಳಗಿನಿಂದ ಸಂಜೆಯವರೆಗೆ ತಟ್ಟೆ ಮುಂದಿಟ್ಟರೂ, ಮಾತ್ರೆ ಕೊಟ್ಟರೂ, ಹೊದಿಕೆ ಎಳೆದರೂ ಬೇಡ ಬೇಡ ಎಂಬುದನ್ನೇ ಕೇಳಿಸಿಕೊಂಡು ಬದುಕುವವಳಿಗೆ ಆ ವಿವರಣೆಯಿಂದ ಸುಸ್ತು ಕಡಿಮೆಯಾಗುವುದಿಲ್ಲ.

ದಿನ ಬಿಟ್ಟು ದಿನ ತರೀಕೆರೆಯಲ್ಲಿ ಅವರಿಗೆ ಫಿಸಿಯೊಥೆರಪಿ. ಅವರನ್ನು ಬಸ್ಸು ಹತ್ತಿಸಿ ಇಳಿಸುವುದು ನನ್ನೊಬ್ಬಳ ಕೈಲಿ ಆಗುವ ಕೆಲಸವಲ್ಲ. ಲಾರಿ ಮಾರಿ ಒಂದು ಹಳೆಯ ಕಾರು ತಗೊಂಡೆವು. ಕ್ಲಚ್ಚು, ಗೇರು ನನ್ನಿಂದಾಗದು ಎಂದು ನಾನು ಮೊದಲೇ ಹೇಳಿದ್ದೆ. ಅದಕ್ಕೇ ಆಟೊಮ್ಯಾಟಿಕ್ ಗಾಡಿ. ದನ ಮೇಯುವ ಕಾವಲು ಬಯಲಿನ ಪಕ್ಕದ ಖಾಲಿ ರಸ್ತೆಯಲ್ಲಿ, ಐವತ್ತು ದಾಟಿದ ಮೇಲೆ, ನಾನು ಸ್ಟೇರಿಂಗ್ ಹಿಡಿದೆ. ಅವರು ಪಕ್ಕದಲ್ಲಿ ಕೂತು ಎಡಗೈಯಿಂದ ನನ್ನ ತೋಳು ತಟ್ಟಿ ತಟ್ಟಿಯೇ ಕಲಿಸಿದರು. ಒಂದು ತಟ್ಟಿದರೆ ನಿಧಾನ, ಜೋರಾಗಿ ತಟ್ಟಿದರೆ ಬ್ರೇಕು.

ಬದುಕೆಲ್ಲ ಗೇರು ಹಾಕಿದ ಮನುಷ್ಯನಿಗೆ ಗೇರೇ ಇಲ್ಲದ ಆ ಗಾಡಿ ವಿಚಿತ್ರವಾಗಿ ಕಂಡಿರಬೇಕು. ಮನೆಯಲ್ಲಿ ಹೊತ್ತು ಹೋಗದಾಗ ಎಡಗೈಯಲ್ಲಿ ಮೊಬೈಲ್ ಹಿಡಿದು ಅದರದೇ ವಿಡಿಯೊ ನೋಡುತ್ತಿದ್ದರು. ಯಾರೋ ಗಾಡಿಯ ಹೊಟ್ಟೆ ಬಿಚ್ಚಿ ತೋರಿಸುತ್ತಿದ್ದರು, ಇವರು ಕಣ್ಣು ಕಿರಿದು ಮಾಡಿ ನೋಡುತ್ತಿದ್ದರು. ನಾನು ಮಷೀನು ತುಳಿಯುತ್ತಾ, ಸದ್ಯ ಒಂದು ಗಂಟೆ ನನ್ನನ್ನು ಕರೆಯುವುದಿಲ್ಲವಲ್ಲ ಎಂದುಕೊಳ್ಳುತ್ತಿದ್ದೆ.

ಗೇಟಿನಲ್ಲಿ ಶುರುವಾದ ನಡುಕ ಆಮೇಲೆ ಪ್ರತಿ ದಿಬ್ಬದಲ್ಲೂ ಬರತೊಡಗಿತು. ಕೊನೆಗೆ ತರೀಕೆರೆಯಲ್ಲಿ ಗ್ಯಾರೇಜು ಇಟ್ಟಿರುವ ನಮ್ಮ ಹಳೆಯ ಕ್ಲೀನರ್ ಹತ್ತಿರ ಕಾರು ತಗೊಂಡು ಹೋದೆ. ಮೀಸೆ ಬರುವ ಮೊದಲೇ ನಮ್ಮ ಲಾರಿ ಹತ್ತಿದವನು ಅವನು, ಎಷ್ಟೋ ವರ್ಷ ನಮ್ಮ ಮನೆಯಲ್ಲೇ ಉಂಡವನು. ಈಗ ಅವನಿಗೇ ನಲವತ್ತಾಗಿದೆ. ಇವರಿಗೆ ಲಕ್ವ ಹೊಡೆದ ಮೇಲೆ ಅವನು ನಮ್ಮ ಮನೆ ಕಡೆ ಒಮ್ಮೆಯೂ ಬಂದಿರಲಿಲ್ಲ. ಫೋನು ಮಾಡುತ್ತಿದ್ದ, ಚೆನ್ನಾಗಿದ್ದಾರಾ ಎಂದು ಕೇಳುತ್ತಿದ್ದ, ಇಟ್ಟುಬಿಡುತ್ತಿದ್ದ. ನನಗೆ ಅದರ ಬಗ್ಗೆ ಸಿಟ್ಟಿತ್ತು.

ಅವನು ಕಾರನ್ನು ಒಂದು ಸುತ್ತು ಓಡಿಸಿಕೊಂಡು ಬಂದ. ಇವರು ಪಕ್ಕದ ಸೀಟಿನಲ್ಲೇ ಇದ್ದರು. ಇಳಿದು ಬಂದವನು ನನ್ನ ಹತ್ತಿರ ಮಾತ್ರ ಮಾತಾಡಿದ. ಈ ಗಾಡಿಯ ಗೇರ್ ಡಬ್ಬಿಯೊಳಗೆ ಹಲ್ಲಿನ ಚಕ್ರಗಳಿಲ್ಲ, ಎರಡು ರಾಟೆ, ನಡುವೆ ಒಂದು ಉಕ್ಕಿನ ಬೆಲ್ಟು, ರಾಟೆ ಹಿಗ್ಗಿ ಕುಗ್ಗಿ ವೇಗ ಕೊಡುತ್ತದೆ, ಎಣ್ಣೆ ಹಳತಾದರೆ ಬೆಲ್ಟು ಹಿಡಿತ ಬಿಟ್ಟು ಹೀಗೆ ಅದುರುತ್ತದೆ ಎಂದು ಹೇಳಿದ. ಹೊಲಿಗೆ ಮಷೀನಿನ ಬೆಲ್ಟು ಜಾರುವುದು ನನಗೆ ಗೊತ್ತಿದ್ದ ವಿಷಯ, ಅದರಿಂದ ಅರ್ಥವಾಯಿತು. ಆದರೆ ಇಂಥದ್ದನ್ನು ಅವನು ಬಿಚ್ಚಿದವನಲ್ಲ. ಕಂಪನಿಯವರ ಹತ್ತಿರವೇ ಹೋಗಿ ಎಂದ.

ಶಿವಮೊಗ್ಗದ ಸರ್ವಿಸ್ ಸೆಂಟರಿನವರಿಗೆ ಫೋನು ಮಾಡಿದೆ. ಕೆಲಸ ಬಹಳ ಇದೆ, ಗಾಡಿ ಒಂದು ವಾರ ಬಿಟ್ಟು ಹೋಗಬೇಕಾಗುತ್ತದೆ ಎಂದರು. ಅವರು ಮರ್ಯಾದೆಯಾಗಿಯೇ ಹೇಳಿದರು. ಆದರೆ ಒಂದು ವಾರ ಫಿಸಿಯೊಥೆರಪಿ ತಪ್ಪಿದರೆ ನನ್ನ ಗಂಡನ ಕೈ ಮತ್ತೆ ಮಡಚಿಕೊಳ್ಳುತ್ತದೆ, ಅದನ್ನು ಬಿಡಿಸಲು ಇವರು ಎಷ್ಟು ನರಳುತ್ತಾರೆಂದು ನಾನು ಕಂಡಿದ್ದೆ. ಮತ್ತೆ ಗ್ಯಾರೇಜಿಗೆ ಹೋಗಿ ಅವನ ಮುಂದೆ ಸುಮ್ಮನೆ ನಿಂತೆ. ಅವನು ನೆಲ ನೋಡುತ್ತಾ ಕೈ ಒರೆಸಿಕೊಂಡ.

‘ಮಂಗಳವಾರ ಅಂಗ್ಡಿ ಬಾಗ್ಲು ತೆಗಿಯಲ್ಲ ಅಕ್ಕ. ನಿಮ್ಮ ಮನೆತಾವ್ಕೇ ಬತ್ತೀನಿ. ಲಾರಿ ಗುಂಡಿ ಮುಚ್ಚಿಲ್ಲ ತಾನೆ?’

ಮುಚ್ಚಿರಲಿಲ್ಲ. ಲಾರಿ ನಿಲ್ಲಿಸುತ್ತಿದ್ದ ಶೆಡ್ಡಿನ ನಡುವೆ, ಅಡಿಗೆ ಇಳಿದು ಕೆಲಸ ಮಾಡಲು ಅವರೇ ಕಲ್ಲು ಕಟ್ಟಿಸಿದ್ದ ಗುಂಡಿ ಅದು. ಮೇಲೆ ಚಪ್ಪಡಿ ಹಾಸಿ ಸೌದೆ ಒಟ್ಟಿದ್ದೆ. ಸೋಮವಾರವೆಲ್ಲ ಸೌದೆ ಎತ್ತಿ ಹಾಕಿ, ಒಳಗಿನ ಕಸ ಬಾಚಿದೆ. ಫಿಲ್ಟರು, ಎಣ್ಣೆ ಸೋರದಂತೆ ನಡುವೆ ಕೊಡುವ ಪ್ಯಾಕಿಂಗು ಅವನೇ ತರುತ್ತೇನೆಂದಿದ್ದ. ಎಣ್ಣೆಯನ್ನು ನಾನು ಕಡೂರಿನಲ್ಲಿ ಲೈನಿಂಗ್ ಬಟ್ಟೆ ತರಲು ಹೋದಾಗ ಒಂದು ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಿ ತಗೊಂಡಿದ್ದೆ. ಆಟೊಮ್ಯಾಟಿಕ್ ಗಾಡಿಯ ಗೇರ್ ಆಯಿಲ್ ಎಂದು ಕೇಳಿದೆ. ಕೊಟ್ಟರು.

ಮಂಗಳವಾರ ಬೆಳಿಗ್ಗೆ ಅವನು ಬೈಕಿನಲ್ಲಿ ಬಂದ. ಇವರನ್ನು ಶೆಡ್ಡಿನ ಬಾಗಿಲಲ್ಲಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂರಿಸಿದ್ದೆ. ಚೆನ್ನಾಗಿದ್ದೀರಾ ಅಣ್ಣ ಎಂದು ಕೇಳಿದವನು, ಉತ್ತರಕ್ಕೆ ಕಾಯದೆ ಕಾರಿನ ಕಡೆ ತಿರುಗಿದ.

ಗುಂಡಿಯ ಮೇಲೆ ಗಾಡಿ ಸಮವಾಗಿ ನಿಂತಿರಬೇಕು, ಇಲ್ಲದಿದ್ದರೆ ಎಣ್ಣೆಯ ಮಟ್ಟ ಸರಿಯಾಗಿ ತಿಳಿಯುವುದಿಲ್ಲ ಎಂದು ಗಾರೆ ಕೆಲಸದವರ ರಸಮಟ್ಟ ತಂದಿದ್ದ. ಅದನ್ನಿಟ್ಟು ನೋಡಿ ಎರಡು ಚಕ್ರದ ಅಡಿಗೆ ಹಲಗೆ ಕೊಟ್ಟ. ಆಮೇಲೆ ಗುಂಡಿಗಿಳಿದು ಅಡಿಯ ಬೋಲ್ಟು ಬಿಚ್ಚಿದ. ಹಳೆಯ ಎಣ್ಣೆ ಇಳಿಯಿತು. ಸುಟ್ಟ ಬೆಲ್ಲದ ಪಾಕದಂತೆ ಕಪ್ಪಗಿತ್ತು, ಕಮಟು ವಾಸನೆ. ಒಂದು ಹನಿಯೂ ಚೆಲ್ಲದಂತೆ ಬೋಗುಣಿಗೆ ಹಿಡಿದು ಖಾಲಿ ಬಾಟಲಿಗಳಿಗೆ ಸುರಿದ. ಎಷ್ಟು ಇಳಿದಿದೆಯೋ ಅಷ್ಟನ್ನೇ ಮತ್ತೆ ತುಂಬಬೇಕಂತೆ. ಸುತ್ತಲಿನ ಬೋಲ್ಟುಗಳನ್ನು ಒಂದೊಂದಾಗಿ ಸಡಿಲಿಸಿ, ಡಬ್ಬಿಯ ಅಡಿಯಲ್ಲಿ ಎಣ್ಣೆ ನಿಲ್ಲುವ ತಟ್ಟೆಯನ್ನು ಇಳಿಸಿಕೊಂಡ. ಅದರೊಳಗಿನ ಸಣ್ಣ ಅಯಸ್ಕಾಂತಗಳ ಮೇಲೆ ಕಬ್ಬಿಣದ ನಯವಾದ ಪುಡಿ ಕಾಡಿಗೆಯಂತೆ ಮೆತ್ತಿಕೊಂಡಿತ್ತು. ನಾನು ಹೊಲಿದುಳಿದ ಬಟ್ಟೆ ಚೂರುಗಳನ್ನು ಒರೆಸಲು ಕೊಟ್ಟೆ. ಬೇರೆ ಕೊಡಿ ಅಕ್ಕ, ಇದರ ನೂಲು ಬಿಟ್ಟರೆ ಫಿಲ್ಟರಿನೊಳಗೆ ಹೋಗಿ ಕೂರುತ್ತದೆ ಎಂದ. ಒಗೆದು ಒಗೆದು ನುಣುಪಾಗಿದ್ದ ಹಳೆಯ ಪಂಚೆ ಹರಿದುಕೊಟ್ಟೆ.

ಹಳೆಯ ಫಿಲ್ಟರು ತೆಗೆದು ಹೊಸದನ್ನು ಕೂರಿಸಿದ. ತಟ್ಟೆ ಆಮೇಲೆ ತೊಳೆದು ಹಾಕೋಣ, ಮೊದಲು ಎಣ್ಣೆ ಅಳೆದಿಟ್ಟುಕೊಳ್ಳುತ್ತೇನೆ ಎಂದು ಮೇಲೆ ಬಂದ. ನಾನು ತಂದಿದ್ದ ಡಬ್ಬಿ ತೆರೆದು, ಇವರ ಕುರ್ಚಿಯ ಪಕ್ಕದಲ್ಲೇ ಕೂತು, ಅಳತೆಯ ಜಗ್ಗಿಗೆ ಬಗ್ಗಿಸಿದ. ಹೊಸ ಎಣ್ಣೆ ಕುಂಕುಮದ ನೀರಿನಂತೆ ಕೆಂಪಗಿತ್ತು.

‘ಬೇಡ’ ಎಂದರು ಇವರು.

ನಾವಿಬ್ಬರೂ ಲಕ್ಷ್ಯ ಕೊಡಲಿಲ್ಲ. ಬೆಳಗಿನಿಂದ ಎಷ್ಟೋ ಸಲ ಹೇಳಿದ್ದರು. ಕಾಫಿಗೂ ಹೇಳಿದ್ದರು, ಕುಡಿದಿದ್ದರು. ಮತ್ತೆ ಬೇಡ ಎಂದರು. ಆಮೇಲೆ ಬಗ್ಗಿ, ಬೀಳುತ್ತಾರೇನೋ ಎಂಬಷ್ಟು ಬಗ್ಗಿ, ಎಡಗೈಯನ್ನು ಜಗ್ಗಿನ ಬಾಯಿಯ ಮೇಲೆ ಮುಚ್ಚಿ ಹಿಡಿದರು. ಎಣ್ಣೆ ಅವರ ಬೆರಳ ಮೇಲೆ ಸುರಿದು ನೆಲಕ್ಕೆ ಹೋಯಿತು. ನಾನು ಹೋಗಿ ಕೈ ಹಿಡಿದೆಳೆದೆ. ಅವರು ಬಿಡಲಿಲ್ಲ. ಒಂದು ಕೈಯಲ್ಲೇ ಅಷ್ಟು ಬಲ ಎಲ್ಲಿತ್ತೋ.

‘ಎಲ್ಲಕ್ಕೂ ಬೇಡ ಅಂದ್ರೆ ನಾನೇನ್ ಮಾಡ್ಲಿ ಹೇಳ್ರಿ. ನಾಳೆ ಬೆಳಗಾದ್ರೆ ತರೀಕೆರೆಗೆ ನಿಮ್ಮನ್ನ ಹೊತ್ಕೊಂಡು ಹೋಗ್ಲಾ?’

ನನ್ನ ದನಿ ಏರಿರಲಿಲ್ಲ. ಏರಿಸುವಷ್ಟು ಉಸಿರೂ ಇರಲಿಲ್ಲ. ಅವರು ನನ್ನ ಕಡೆ ನೋಡಲಿಲ್ಲ, ಅವನನ್ನೇ ನೋಡುತ್ತಿದ್ದರು. ಕೈ ತೆಗೆದು, ಕೆಂಪಾದ ಬೆರಳನ್ನು ಡಬ್ಬಿಯ ಚೀಟಿಯ ಮೇಲೆ ಉಜ್ಜಿದರು. ಆಮೇಲೆ ಆ ಬೆರಳನ್ನೇ ತೊಡೆಯ ಮೇಲೆ ಸುತ್ತಿಸಿ ಸುತ್ತಿಸಿ, ಸರ್ರನೆ ಪಕ್ಕಕ್ಕೆ ಜಾರಿಸಿದರು. ಮತ್ತೆ ಅದನ್ನೇ ಮಾಡಿದರು.

ಅವನು ಜಗ್ಗು ಕೆಳಗಿಟ್ಟ. ಬೆಳಿಗ್ಗೆಯಿಂದ ಮೊದಲ ಸಲ ಇವರ ಮುಖವನ್ನು ನೆಟ್ಟಗೆ ನೋಡಿದ.

‘ಬೆಲ್ಟು ಜಾರುತ್ತೆ ಅಂತೀರಾ ಅಣ್ಣ?’

ಇವರು ಹೌದೆಂದು ತಲೆಯಾಡಿಸಿದರು. ಅವನು ಡಬ್ಬಿ ಎತ್ತಿ ಹಿಂದಿನ ಸಣ್ಣ ಅಕ್ಷರ ಓದಿದ, ಅಷ್ಟಕ್ಕೆ ತೃಪ್ತಿಯಾಗದೆ ಶಿವಮೊಗ್ಗದಲ್ಲಿ ಕಾರು ಕೆಲಸ ಮಾಡುವ ತನ್ನ ಪರಿಚಯದವನಿಗೆ ಫೋನು ಹಚ್ಚಿದ. ಆ ಕಡೆಯಿಂದ ಬಂದ ಮಾತು ನನಗೂ ಕೇಳಿಸಿತು. ಕೆಂಪು ಎಣ್ಣೆ ಹಲ್ಲಿನ ಚಕ್ರ ಇರುವ ಆಟೊಮ್ಯಾಟಿಕ್ ಗೇರ್ ಡಬ್ಬಿಗೆ. ರಾಟೆ, ಬೆಲ್ಟಿನ ಡಬ್ಬಿಗೆ ಅದರದೇ ಬೇರೆ ಎಣ್ಣೆ. ಇದನ್ನು ಹಾಕಿ ಓಡಿಸಿದರೆ ಬೆಲ್ಟು ಹಿಡಿಯದೆ ಜಾರಿ ಜಾರಿ ಗೇರ್ ಡಬ್ಬಿಯೇ ಹೋಗುತ್ತದೆ, ಅದನ್ನು ರಿಪೇರಿ ಮಾಡುವುದಕ್ಕಾಗುವುದಿಲ್ಲ.

ಅವನು ಜಗ್ಗಿನ ಎಣ್ಣೆಯನ್ನು ಡಬ್ಬಿಗೆ ವಾಪಸ್ ಸುರಿದ. ಇವರು ಮೊಬೈಲಿನಲ್ಲಿ ಆ ವಿಡಿಯೊಗಳನ್ನು ಹೊತ್ತು ಕಳೆಯಲು ನೋಡುತ್ತಿದ್ದಾರೆ ಎಂದುಕೊಂಡಿದ್ದೆ. ನಾನು ಓಡಿಸುವ ಗಾಡಿಯ ಬಗ್ಗೆ ಪಾಠ ಓದುತ್ತಿದ್ದರು.

ಸರಿಯಾದ ಎಣ್ಣೆ ಶಿವಮೊಗ್ಗದಲ್ಲೇ ಸಿಗಬೇಕಿತ್ತು. ಆ ಪರಿಚಯದವನು ಒಂದು ಅಂಗಡಿಯಲ್ಲಿ ಹೇಳಿ ಎತ್ತಿಡಿಸುತ್ತೇನೆಂದ. ಬೈಕಿನಲ್ಲಿ ಹೋಗಿ ಬಂದುಬಿಡುತ್ತೇನೆ ಎಂದು ಇವನು ಎದ್ದು ನಿಂತ. ನಾನು ಬೇಡವೆಂದೆ. ನಾನು ಬಸ್ಸಿಗೆ ಹೋಗುತ್ತೇನೆ, ನೀನು ಇವರ ಹತ್ತಿರ ಇರು ಎಂದೆ. ಅವನ ಮುಖ ಸಣ್ಣದಾಯಿತು. ಅದನ್ನು ಕಂಡೂ ನಾನು ಒಳಗೆ ಹೋಗಿ ಸೀರೆ ಬದಲಿಸಿದೆ. ಊಟಕ್ಕೆ ಏನಿದೆ, ಮಾತ್ರೆ ಎಲ್ಲಿದೆ, ಅವರನ್ನು ಎಬ್ಬಿಸುವಾಗ ಯಾವ ಕಂಕುಳಿಗೆ ಕೈ ಕೊಡಬೇಕು ಎಂಬುದನ್ನೆಲ್ಲ ಹೇಳಿ ಹೊರಟೆ.

ತರೀಕೆರೆಯಲ್ಲಿ ಬಸ್ಸು ಬದಲಿಸಿ ಕಿಟಕಿ ಪಕ್ಕ ಕೂತೆ. ಲಕ್ವ ಹೊಡೆದ ದಿನದಿಂದ ಅವರನ್ನು ಬಿಟ್ಟು ಅಷ್ಟು ದೂರ ಹೋಗಿದ್ದು ಅದೇ ಮೊದಲು. ಪಕ್ಕದಲ್ಲಿ ಯಾರೂ ವಾಲುತ್ತಿರಲಿಲ್ಲ. ಕನ್ನಡಿ ನೋಡಬೇಕಿರಲಿಲ್ಲ, ಹಿಂದೆ ಹಾರ್ನು ಹೊಡೆಯುವವರಿಗೆ ಹೆದರಬೇಕಿರಲಿಲ್ಲ. ಯಾವಾಗ ನಿದ್ದೆ ಹತ್ತಿತೋ, ಎಚ್ಚರವಾದಾಗ ಟಿಕೆಟ್ ಕೈಯಲ್ಲಿ ಹಾಗೇ ಇತ್ತು, ಭದ್ರಾವತಿ ದಾಟಿತ್ತು. ಬಾಯಿ ತೆರೆದು ಮಲಗಿದ್ದೆನೇನೋ, ಎದುರಿನ ಸೀಟಿನ ಮುದುಕಿ ನಕ್ಕಳು.

ಎಣ್ಣೆ ಸಿಕ್ಕಿತು. ಮುಚ್ಚಳ ಬಿಚ್ಚಿಸಿ ನೋಡಿದೆ, ಕೆಂಪಲ್ಲ, ತಿಳಿ ಹಸಿರಾಗಿತ್ತು. ಬಸ್ ಸ್ಟ್ಯಾಂಡಿನ ಎದುರು ಹೋಟೆಲಿನಲ್ಲಿ ಮಸಾಲೆ ದೋಸೆ ಹೇಳಿ, ಅದು ಬಿಸಿ ಇರುವಾಗಲೇ ತಿಂದೆ. ಮನೆಯಲ್ಲಿ ಅವರಿಗೆ ತಿನ್ನಿಸಿ ಮುಗಿಸುವ ಹೊತ್ತಿಗೆ ನನ್ನ ತಟ್ಟೆಯದು ಯಾವತ್ತೂ ಆರಿರುತ್ತದೆ. ಕಾಫಿ ಕುಡಿದೆ. ಊರಿನ ಕಡೆಯ ಬಸ್ಸು ಬಂದು ನಿಂತಿತು. ಏಳಲಿಲ್ಲ. ಅದು ಹೋಗುವುದನ್ನು ನೋಡುತ್ತಾ, ಎಣ್ಣೆ ಡಬ್ಬಿಯ ಚೀಲವನ್ನು ಕಾಲ ಸಂದಿಯಲ್ಲಿಟ್ಟುಕೊಂಡು ಕೂತಿದ್ದೆ. ಮುಂದಿನ ಬಸ್ಸಿಗೆ ಹತ್ತಿದೆ. ಅದು ತಪ್ಪು ಎಂದು ಆಗಲೂ ಅನ್ನಿಸಲಿಲ್ಲ, ಈಗಲೂ ಅನ್ನಿಸುವುದಿಲ್ಲ.

ಮನೆಗೆ ಬಂದಾಗ ಬಿಸಿಲು ಇಳಿಯುತ್ತಿತ್ತು. ಶೆಡ್ಡಿನಲ್ಲಿ ಎಣ್ಣೆಯ ತಟ್ಟೆ ತೊಳೆದು, ಕನ್ನಡಿಯಂತೆ ಹೊಳೆಯಿಸಿ, ಬಿಳಿ ಬಟ್ಟೆಯ ಮೇಲೆ ಮಗುಚಿ ಇಟ್ಟಿತ್ತು. ಇವರ ಮಡಿಲಲ್ಲಿ ಪಂಚೆಯ ಚೂರು. ಎಡಗೈಯಲ್ಲಿ ಒಂದು ಅಯಸ್ಕಾಂತ ಹಿಡಿದು ಉಜ್ಜುತ್ತಿದ್ದರು. ಬಲಗೈಯನ್ನು ಅವನು ತೊಡೆಯ ಮೇಲೆ ಅಂಗಾತ ಮಾಡಿ, ಅಂಗೈಯಲ್ಲಿ ಉಳಿದ ಅಯಸ್ಕಾಂತಗಳನ್ನು ಇಟ್ಟಿದ್ದ. ಆ ಕೈ ಅಲುಗುತ್ತಿರಲಿಲ್ಲ, ಆದರೆ ಸಾಮಾನು ಇಡುವ ತಟ್ಟೆಯ ಕೆಲಸ ಮಾಡುತ್ತಿತ್ತು. ಇವರ ಗಡ್ಡ ಹೆರೆದಿತ್ತು. ಅದನ್ನೂ ಅವನೇ ಮಾಡಿದ್ದ.

ನಾನು ನೀರು ಕುಡಿಯಲು ಒಳಗೆ ಹೋದಾಗ ಅವನು ಹಿಂದೆಯೇ ಬಂದ. ಕಣ್ಣು ಕೆಂಪಗಿದ್ದವು.

‘ಹೇಳ್ಬಿಟ್ಟೆ ಅಕ್ಕ. ಇಷ್ಟ್ ದಿನ ಯಾಕ್ ಬರ್ಲಿಲ್ಲ ಅಂತ. ಅಷ್ಟ್ ದೊಡ್ಡ ಗಾಡೀನ ಒಂದ್ ಕೈನಾಗೆ ತಿರುಗಿಸ್ತಿದ್ರು. ಆ ಕೈ ಹಂಗ್ ಬಿದ್ದಿರೋದ್ನ ನೋಡಕ್ಕಾಗಲ್ಲ ಅಂತ ಹೇಳ್ದೆ.’

ಅವರು ಏನು ಮಾಡಿದರು ಎಂದು ಕೇಳಿದೆ.

‘ಹತ್ರ ಕರೆದ್ರು. ಬಗ್ಗು ಅಂತ ಕೈ ಮಾಡಿದ್ರು. ತಲೆ ಮೇಲೆ ಒಂದ್ ಮೊಟಕಿದ್ರು. ಕ್ಲೀನರ್ ಇದ್ದಾಗ ನಿದ್ದೆ ಮಾಡಿದ್ರೆ ಮೊಟಕ್ತಿದ್ರಲ್ಲ, ಹಂಗೇಯ.’

ನನ್ನ ಸಿಟ್ಟು ಅಲ್ಲೇ ಪೂರ್ತಿ ಹೋಯಿತೆಂದು ಹೇಳಲಾರೆ. ಅವನು ಬರದ ದಿನಗಳು ನನ್ನ ಬೆನ್ನಿನ ಮೇಲೆ ಹೋಗಿದ್ದವು. ಆದರೆ ಲೋಟ ತೊಳೆದು ಅವನಿಗೂ ನೀರು ಕೊಟ್ಟೆ.

ತಟ್ಟೆಯನ್ನು ಹೊಸ ಪ್ಯಾಕಿಂಗಿನೊಂದಿಗೆ ಕೂರಿಸಿ, ಬೋಲ್ಟುಗಳನ್ನು ಅತ್ತ ಒಂದು ಇತ್ತ ಒಂದು ಎಂದು ಹಗುರವಾಗಿ ಬಿಗಿದ. ಇಳಿದಿದ್ದಷ್ಟೇ ಹಸಿರು ಎಣ್ಣೆಯನ್ನು ಅಳೆದು ಮೇಲಿನಿಂದ ಕೊಳವೆಯಲ್ಲಿ ಬಿಟ್ಟ. ನಾನು ಒಳಗೆ ಕೂತು ಗಾಡಿ ಚಾಲೂ ಮಾಡಿದೆ. ಬ್ರೇಕು ಒತ್ತಿ ಹಿಡಿದು, ಲಿವರನ್ನು ಹಿಂದಕ್ಕೆ, ನಡುವಿಗೆ, ಮುಂದಕ್ಕೆ, ಪ್ರತಿಯೊಂದರಲ್ಲೂ ಸ್ವಲ್ಪ ತಡೆದು ಸರಿಸಬೇಕಿತ್ತು, ಎಣ್ಣೆ ಎಲ್ಲ ಸಂದಿಗೂ ಹೋಗಲೆಂದು. ಎಣ್ಣೆ ಉಗುರುಬೆಚ್ಚಗಾದ ಮೇಲೆ ಅವನು ಗುಂಡಿಯಿಂದ, ಎಣ್ಣೆಯ ಮಟ್ಟ ನೋಡುವ ಬೋಲ್ಟು ಬಿಚ್ಚಿದ. ಬಿಸಿಗೆ ಹಿಗ್ಗಿ ಹೆಚ್ಚಾದದ್ದು ಧಾರೆಯಾಗಿ ಇಳಿದು, ಧಾರೆ ಸಣ್ಣದಾಗಿ, ಹನಿಗೆ ಬಂದಾಗ ಮುಚ್ಚಿದ. ಅಷ್ಟೂ ಹೊತ್ತು ಇವರು ಕುರ್ಚಿಯಿಂದ ಕತ್ತು ಚಾಚಿ ಗುಂಡಿಯನ್ನೇ ನೋಡುತ್ತಿದ್ದರು. ಲಾರಿ ಮಾರಿದ ಮೇಲೆ ಅವರು ಯಾವುದನ್ನೂ ಅಷ್ಟು ಆಸೆಯಿಂದ ನೋಡಿದ್ದನ್ನು ನಾನು ಕಂಡಿರಲಿಲ್ಲ.

ಮೂವರೂ ಹತ್ತಿ ಕಾವಲಿನ ರಸ್ತೆಗೆ ಹೋದೆವು. ಅವನು ಹಿಂದೆ ಕೂತಿದ್ದ. ನಿಲ್ಲಿಸಿ, ಬ್ರೇಕಿನಿಂದ ಕಾಲೆತ್ತಿದೆ. ಗಾಡಿ ನೀರಿನ ಮೇಲೆ ದೋಣಿ ಬಿಟ್ಟಂತೆ ಮುಂದೆ ಹೋಯಿತು. ಇನ್ನೊಮ್ಮೆ ದಿಬ್ಬದ ಮೇಲೆ ನಿಲ್ಲಿಸಿ ಬಿಟ್ಟೆ. ಅಲ್ಲಿ ಒಂದಿಷ್ಟು ಅದುರಿತು. ಒಂದು ಸಲಕ್ಕೆ ಹಳೆಯ ಎಣ್ಣೆ ಪೂರ್ತಿ ಇಳಿಯುವುದಿಲ್ಲ, ಅರ್ಧ ಒಳಗೇ ಉಳಿದಿರುತ್ತದೆ, ಸ್ವಲ್ಪ ದಿನ ಓಡಿಸಿ ಮತ್ತೆ ಬದಲಿಸಿದರೆ ಅದೂ ಹೋಗುತ್ತದೆ ಎಂದ. ಬೆಲ್ಟು ಈಗಾಗಲೇ ಸವೆದಿದ್ದರೆ ಮಾತ್ರ ಏನೂ ಮಾಡಲಾಗದು ಎಂದೂ ಹೇಳಿದ. ಸುಳ್ಳು ಸಮಾಧಾನ ಹೇಳಲಿಲ್ಲ, ಅದು ನನಗೆ ಹಿಡಿಸಿತು.

ಎರಡನೇ ಸಲ ಬದಲಿಸಿದ ಮೇಲೆ ನಡುಕ ನಿಂತಿತು. ಕಾರು ಈಗಲೂ ಓಡುತ್ತಿದೆ. ಇವರ ಬಲಗಾಲು ಕೋಲು ಹಿಡಿದು ನಡೆಯುವಷ್ಟಕ್ಕೆ ಬಂದಿದೆ, ಕೈ ಬಂದಿಲ್ಲ. ಮಾತು ಒಂದೆರಡು ಹೊಸದು ಸೇರಿದೆ, ಅವೂ ಬೇಕಾದಾಗ ಬರುವುದಿಲ್ಲ. ಬರುತ್ತದೆ ಎಂದು ಫಿಸಿಯೊಥೆರಪಿಯವರು ಹೇಳುತ್ತಾರೆ. ನಾನು ಹೂಂ ಎನ್ನುತ್ತೇನೆ.

ಅವನು ಈಗ ಮಂಗಳವಾರ ತಪ್ಪಿಸುವುದಿಲ್ಲ. ಮಧ್ಯಾಹ್ನ ಊಟದ ಹೊತ್ತಿಗೆ ಬರುತ್ತಾನೆ, ಇವರಿಗೆ ಉಣ್ಣಿಸುತ್ತಾನೆ, ಗ್ಯಾರೇಜಿಗೆ ಬಂದ ಗಾಡಿಗಳ ಕಥೆ ಹೇಳುತ್ತಾನೆ. ಕೆಲವು ಸಲ ಯಾವುದೋ ಕೆಟ್ಟ ಸಾಮಾನು ಚೀಲದಲ್ಲಿ ತಂದು ಇವರ ಮಡಿಲಿಗೆ ಹಾಕುತ್ತಾನೆ, ಇಬ್ಬರೂ ಅದನ್ನು ತಿರುಗಿಸಿ ಮುರುಗಿಸಿ ನೋಡುತ್ತಾರೆ. ನಾನು ಹೊಲಿಗೆ ಮಷೀನಿಗೆ ಬಟ್ಟೆ ಮುಚ್ಚಿ, ಒಳಗಿನ ಕೋಣೆಗೆ ಹೋಗಿ, ಬಾಗಿಲು ಹಾಕಿಕೊಂಡು ಮಲಗುತ್ತೇನೆ. ಹೊರಗೆ ಅವನ ದನಿ ಸ್ವಲ್ಪ ಹೊತ್ತು ಕೇಳುತ್ತಿರುತ್ತದೆ. ಆಮೇಲೆ ಕೇಳುವುದಿಲ್ಲ.